ಹುಡುಕಾಟಕ್ಕೇ ಆರು ತಿಂಗಳು: ಜಾನ್ ಶಾ ಬಿಲ್ಲಿಂಗ್ಸ್

ಲಿಟರೇಚರ್ ಸರ್ವೆ ಅಂದ್ರೆ ನಮ್ಮಲ್ಲಿ ಹೇಗೆ ನಡೆಯುತ್ತೆ ಅಂತ ಎಲ್ರಿಗೂ ಗೊತ್ತು. ಪ್ರಾಜೆಕ್ಟ್ ರಿಪೋರ್ಟಿನ ಎರಡನೇ ಅಧ್ಯಾಯ. ಸಬ್‌ಮಿಷನ್‌ಗೆ ಇನ್ನೆರಡು ದಿನ ಇದೆ ಅನ್ನುವಾಗ ಕೂತು, ಸರ್ಚ್ ಮಾಡಿದಾಗ ಮೊದಲು ಬಂದ ಹತ್ತು ಪೇಪರ್ ಇಳಿಸಿಕೊಂಡು, ಅಬ್‌ಸ್ಟ್ರಾಕ್ಟಿನಿಂದ ಎರಡೆರಡು ಸಾಲು ಎತ್ತಿ ಬರೆದರೆ ಮುಗೀತು. ಆ ಹತ್ತು ಬಿಟ್ಟು ಹನ್ನೊಂದನೆಯದರಲ್ಲಿ ಏನಿತ್ತು ಅಂತ ನಾವಂತೂ ಯಾವತ್ತೂ ನೋಡಿಲ್ಲ.

ನೋಡಬೇಕು ಅನ್ನಿಸಿದ್ದು ಹೋದ ದಸರಾ ರಜೆಯಲ್ಲಿ. ನಮ್ಮ ಬ್ಯಾಚಿನ ಗೆಳೆಯನೊಬ್ಬನ ಮನೆಗೆ ಹೋಗಿದ್ವಿ. ಅವನ ಅಮ್ಮನಿಗೆ ಬಲಗೈ ಎತ್ತೋಕೆ ಆಗ್ತಿರಲಿಲ್ಲ. ಜಡೆ ಹಾಕಿಕೊಳ್ಳೋದು ಕಷ್ಟ, ಮೇಲಿನ ಶೆಲ್ಫಿನ ಡಬ್ಬ ಇಳಿಸೋದಂತೂ ಸಾಧ್ಯವೇ ಇಲ್ಲ. ಡಾಕ್ಟರ ಚೀಟಿಯಲ್ಲಿ ಪೆರಿಆರ್ಥ್ರೈಟಿಸ್ ಶೋಲ್ಡರ್ ಅಂತ ಬರೆದಿತ್ತು. ಅವನ ಅಕ್ಕ ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್ ಮಾಡ್ತಿದ್ದಾರೆ. ಯಾವ ವ್ಯಾಯಾಮದಿಂದ ನಿಜವಾಗಿ ಉಪಯೋಗ ಆಗುತ್ತೆ ಅಂತ ಅವರು ಪಬ್‌ಮೆಡ್‌ನಲ್ಲಿ ಹುಡುಕೋಕೆ ಕೂತಿದ್ರು. ನಾವು ಇಂಜಿನಿಯರುಗಳಲ್ವಾ, ಲ್ಯಾಪ್‌ಟಾಪ್ ಕಿತ್ತುಕೊಂಡು ಚೀಟಿಯಲ್ಲಿದ್ದ ಪದವನ್ನೇ ಟೈಪ್ ಮಾಡಿ, ಪಕ್ಕಕ್ಕೆ ಎಕ್ಸರ್‌ಸೈಜ್ ಅಂತ ಸೇರಿಸಿ ಎಂಟರ್ ಒತ್ತಿದ್ವಿ. ಬಂದದ್ದು ಒಂದಿಷ್ಟು, ಅದರಲ್ಲೂ ಹಳೆಯವೇ ಜಾಸ್ತಿ. ಇಷ್ಟೇ ಇರೋದು ಅಂತ ತೀರ್ಪೂ ಕೊಟ್ವಿ.

ಅಕ್ಕ ನಕ್ಕು ಲ್ಯಾಪ್‌ಟಾಪ್ ವಾಪಸ್ ತಗೊಂಡ್ರು. ಈ ಒಂದು ಕಾಯಿಲೆಗೆ ಮೂರು ಹೆಸರಿದೆಯಂತೆ. 1872ರಲ್ಲಿ ಫ್ರಾನ್ಸಿನ ಸರ್ಜನ್ ಡ್ಯೂಪ್ಲೇ ಪೆರಿಆರ್ಥ್ರೈಟಿಸ್ ಅಂದರು. 1934ರಲ್ಲಿ ಅಮೆರಿಕದ ಕಾಡ್‌ಮನ್ ಫ್ರೋಜನ್ ಶೋಲ್ಡರ್ ಅಂದರು. 1945ರಲ್ಲಿ ನೆವಿಯಾಸರ್ ಅಡ್ಹೀಸಿವ್ ಕ್ಯಾಪ್ಸುಲೈಟಿಸ್ ಅಂದರು. ನಮ್ಮ ಕ್ಲಿನಿಕ್ಕುಗಳ ಚೀಟಿಯಲ್ಲಿ ಇವತ್ತಿಗೂ ಮೊದಲನೇ ಹೆಸರೇ ಬಳಕೆಯಲ್ಲಿದೆ, ಪೇಪರ್ ಬರೆಯೋರು ಹೆಚ್ಚಾಗಿ ಉಳಿದೆರಡು ಹೆಸರು ಬಳಸ್ತಾರೆ. ಮೂರನ್ನೂ ಸೇರಿಸಿ ಹುಡುಕಿದಾಗ ಫಲಿತಾಂಶ ಹಲವು ಪಟ್ಟು ಜಾಸ್ತಿ ಬಂತು. ಹಾಗಾದ್ರೆ ಎಲ್ಲ ಹೆಸರುಗಳನ್ನೂ ಒಂದೇ ಕಡೆ ಕಟ್ಟಿಡೋ ಕೆಲಸ ಯಾರೂ ಮಾಡಿಲ್ವಾ ಅಂತ ಕೇಳಿದ್ವಿ. ಮಾಡಿದ್ದಾರೆ, ಅದರ ಕತೆ ಓದ್ಕೊಳ್ಳಿ ಅಂತ ಅಕ್ಕ ಒಂದು ಹೆಸರು ಹೇಳಿದ್ರು. ಓದಿಕೊಂಡ್ವಿ.

ಜಾನ್ ಶಾ ಬಿಲ್ಲಿಂಗ್ಸ್ ಹುಟ್ಟಿದ್ದು 1838ರ ಏಪ್ರಿಲ್ 12ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಹಳ್ಳಿಯಲ್ಲಿ. ರೈತರ ಮನೆ. ಹುಡುಗನಿಗೆ ಓದುವ ಹುಚ್ಚು, ಆದರೆ ಹೊಲದ ಕೆಲಸದಲ್ಲಿ ಮನಸ್ಸಿಲ್ಲ. ಪುಸ್ತಕಗಳ ನಡುವೆ ಲ್ಯಾಟಿನ್ ಸಾಲು ಬಂದರೆ ಅರ್ಥ ಆಗುತ್ತಿರಲಿಲ್ಲ ಅಂತ ವ್ಯಾಕರಣ, ನಿಘಂಟು ಇಟ್ಟುಕೊಂಡು ಹೆಚ್ಚುಕಡಿಮೆ ತಾನೇ ಲ್ಯಾಟಿನ್ ಕಲಿತ. ಆಮೇಲೆ ಅಪ್ಪನ ಜೊತೆ ಒಂದು ಒಪ್ಪಂದ ಮಾಡಿಕೊಂಡ: ನನ್ನನ್ನ ಕಾಲೇಜು ಓದಿಸಿಬಿಡಿ, ಆಸ್ತಿಯಲ್ಲಿ ಪಾಲು ಬೇಡ, ಎಲ್ಲ ತಂಗಿಗೇ ಇರಲಿ ಅಂತ. ಅಪ್ಪ ಒಪ್ಪಿದರು. 1852ರಲ್ಲಿ ಓಹಾಯೋದ ಮಯಾಮಿ ಯೂನಿವರ್ಸಿಟಿ ಸೇರಿದಾಗ ಅವನಿಗೆ 14 ವರ್ಷ. 1857ಕ್ಕೆ ಡಿಗ್ರಿ ಮುಗೀತು.

ಮುಂದೆ ಸಿನ್ಸಿನಾಟಿಯ ಮೆಡಿಕಲ್ ಕಾಲೇಜು. ಅಲ್ಲಿ ಕೈಯಲ್ಲಿ ಕಾಸಿಲ್ಲ. ಒಂದು ಚಳಿಗಾಲವನ್ನಂತೂ ಬಹುಪಾಲು ಹಾಲು, ಮೊಟ್ಟೆಯಲ್ಲೇ ಕಳೆದರಂತೆ. ಹಾಸ್ಟೆಲ್ ಮೆಸ್ಸನ್ನು ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳಬಹುದು.

1860ರಲ್ಲಿ ಎಂ.ಡಿ. ಪದವಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಅವರು ಆರಿಸಿಕೊಂಡ ವಿಷಯ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ. ಫಿಟ್ಸ್ ಬರುವವರ ತಲೆಬುರುಡೆಗೆ ತೂತು ಕೊರೆಯುವ ಆಪರೇಷನ್ ಅದು. ಕ್ರಿಮಿನಾಶಕ ಪದ್ಧತಿ ಇನ್ನೂ ಬಂದಿರಲಿಲ್ಲ, ಅದಕ್ಕೆ ಮೊದಲೇ ತಲೆ ಕೊರೆಯುತ್ತಿದ್ದರು ಅನ್ನೋದನ್ನ ಯೋಚಿಸಿ. ಬಿಲ್ಲಿಂಗ್ಸ್‌ಗೆ ಬೇಕಿದ್ದದ್ದು ಒಂದು ಸರಳ ಲೆಕ್ಕ: ಇಲ್ಲಿತನಕ ಎಷ್ಟು ಜನಕ್ಕೆ ಈ ಆಪರೇಷನ್ ಆಗಿದೆ, ಎಷ್ಟು ಜನ ವಾಸಿಯಾದರು, ಎಷ್ಟು ಜನ ಸತ್ತರು? ಈ ಲೆಕ್ಕವಿಲ್ಲದೆ ಯಾವ ಡಾಕ್ಟರೂ ರೋಗಿಯ ಎದುರು ಕೂತು ಮಾಡಿಸಿಕೊಳ್ಳಿ, ಬೇಡ ಅಂತ ಹೇಳೋ ಹಾಗಿಲ್ಲ.

ಉತ್ತರ ಎಲ್ಲೋ ಅಚ್ಚಾಗಿದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಸಿನ್ಸಿನಾಟಿಯ ಲೈಬ್ರರಿಗಳನ್ನೆಲ್ಲ ಜಾಲಾಡಿದರು, ಡಾಕ್ಟರುಗಳ ಖಾಸಗಿ ಪುಸ್ತಕಗಳನ್ನೂ ಬಿಡಲಿಲ್ಲ. ಅದೂ ಸಾಲದೆ ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳವರೆಗೆ ಹುಡುಕಾಟ ಹೋಯಿತು. ಸುಮಾರು ಆರು ತಿಂಗಳು ಹಿಡಿಯಿತು. ಕೊನೆಗೆ ಅವರಿಗೆ ಮೂರು ಸಂಗತಿ ಖಚಿತವಾದವು. ಹತ್ತು ಹನ್ನೆರಡು ಉಲ್ಲೇಖಕ್ಕಾಗಿ ಸಾವಿರ ಸಂಪುಟಗಳ ಸೂಚಿ ತಿರುವಬೇಕು. ಆ ಸೂಚಿಗಳನ್ನೂ ನಂಬೋ ಹಾಗಿಲ್ಲ, ಯಾಕೆಂದರೆ ಶೀರ್ಷಿಕೆಯಲ್ಲಿ ಒಂದಿದ್ದರೆ ಲೇಖನದಲ್ಲಿ ಇನ್ನೊಂದಿರುತ್ತೆ. ಮೂರನೆಯದು, ಇಡೀ ಅಮೆರಿಕದಲ್ಲಿ ಈ ಸಾಹಿತ್ಯ ಒಟ್ಟಿಗೆ ಸಿಗುವ ಒಂದೇ ಒಂದು ಲೈಬ್ರರಿಯೂ ಇಲ್ಲ. ಪ್ರಬಂಧ ಮುಗಿಯಿತು, ಪದವಿ ಬಂತು. ಆ ಆರು ತಿಂಗಳ ಸಿಟ್ಟು ಮಾತ್ರ ಹೋಗಲಿಲ್ಲ. ಮುಂದೆ ಅವರು ಮಾಡಿದ್ದೆಲ್ಲ ಆ ಸಿಟ್ಟಿನಿಂದಲೇ ಹುಟ್ಟಿತು ಅನ್ನಿಸುತ್ತೆ ನಮಗೆ.

ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಬಿಲ್ಲಿಂಗ್ಸ್ ಸೇನೆಯ ಸರ್ಜನ್ ಆದರು. ಚಾನ್ಸಲರ್ಸ್‌ವಿಲ್, ಗೆಟ್ಟಿಸ್‌ಬರ್ಗ್ ಎರಡೂ ಕದನಗಳಲ್ಲಿ ಗಾಯಾಳುಗಳ ನಡುವೆ ನಿಂತು ಕೈಕಾಲು ಕತ್ತರಿಸಿದರು, ದಣಿದು ಹೋದರು. 1864ರ ಕೊನೆಗೆ ವಾಷಿಂಗ್ಟನ್ನಿನ ಸರ್ಜನ್ ಜನರಲ್ ಕಚೇರಿಗೆ ವರ್ಗವಾಯಿತು. ಮೇಜಿನ ಕೆಲಸ, ಲೆಕ್ಕಪತ್ರ. ಅದರ ಜೊತೆ ಇನ್ನೊಂದು ಸಣ್ಣ ಜವಾಬ್ದಾರಿಯೂ ಬಂತು: ಕಚೇರಿಯ ಪುಸ್ತಕದ ಕಪಾಟು ನೋಡಿಕೊಳ್ಳೋದು.

ಕಪಾಟು ಅಂತಲೇ ಹೇಳಬೇಕು. 1836ರಲ್ಲಿ ಶುರುವಾದ ಆ ಲೈಬ್ರರಿಯಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಇದ್ದದ್ದು ಸುಮಾರು ಎರಡು ಸಾವಿರ ಪುಸ್ತಕ. ಯುದ್ಧಕಾಲದ ಆಸ್ಪತ್ರೆಗಳು ಮುಚ್ಚಿದಾಗ ಅವುಗಳ ನಿಧಿಯಲ್ಲಿ ಖರ್ಚಾಗದೆ ಉಳಿದ ಹಣ, ಸುಮಾರು 80,000 ಡಾಲರ್, ಈ ಕಚೇರಿಗೆ ಬಂತು. ಬಿಲ್ಲಿಂಗ್ಸ್‌ಗೆ ಬೇಕಾದ್ದು ಅದೇ. ಪುಸ್ತಕ ಕೊಂಡರು, ಬೇಡಿದರು, ಅದಲುಬದಲು ಮಾಡಿಕೊಂಡರು. ದೇಶದ ಡಾಕ್ಟರುಗಳಿಗೆಲ್ಲ ಪತ್ರ ಬರೆದು ಅಟ್ಟದ ಮೇಲೆ ಬಿದ್ದಿರುವ ಹಳೇ ಜರ್ನಲ್ ಕಳಿಸಿ ಅಂತ ಕೇಳಿದರು. ಇಷ್ಟನ್ನೂ ಇಡೋಕೆ ಜಾಗ ಸಿಕ್ಕಿದ್ದು ಲಿಂಕನ್ನರ ಮೇಲೆ 1865ರಲ್ಲಿ ಗುಂಡು ಹಾರಿದ ಫೋರ್ಡ್ಸ್ ಥಿಯೇಟರಿನಲ್ಲಿ. ನಾಟಕ ನಿಂತು, ಸರ್ಕಾರ ಆ ಕಟ್ಟಡ ತೆಗೆದುಕೊಂಡಿತ್ತು. ಸುಮಾರು ಇಪ್ಪತ್ತು ವರ್ಷ ಲೈಬ್ರರಿ ಅಲ್ಲೇ ಇತ್ತು. 1895ರಲ್ಲಿ ಬಿಲ್ಲಿಂಗ್ಸ್ ಬಿಟ್ಟು ಹೊರಡುವಾಗ ಪುಸ್ತಕ ಸಂಖ್ಯೆ ಒಂದು ಲಕ್ಷ ದಾಟಿತ್ತು.

ಪುಸ್ತಕ ಗುಡ್ಡೆ ಹಾಕೋದು ಸುಲಭದ ಅರ್ಧ. ಡಿಬಿಎಂಎಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಗೊತ್ತಿರುತ್ತೆ, ಡೇಟಾ ಇದ್ದು ಇಂಡೆಕ್ಸ್ ಇಲ್ಲದಿದ್ರೆ ಪ್ರತಿ ಸಲವೂ ಟೇಬಲ್ ಪೂರ್ತಿ ಓದಬೇಕು. ಬಿಲ್ಲಿಂಗ್ಸ್ ಆರು ತಿಂಗಳು ಮಾಡಿದ್ದು ಅದನ್ನೇ. ಹಾಗಾಗಿ ಪುಸ್ತಕಗಳ ಪಟ್ಟಿ ಮಾತ್ರ ಸಾಲದು, ಪ್ರತಿ ಜರ್ನಲಿನ ಒಳಗಿರುವ ಪ್ರತಿ ಮುಖ್ಯ ಲೇಖನವೂ ತನ್ನ ವಿಷಯದ ಕೆಳಗೆ ಬರಬೇಕು ಅಂತ ತೀರ್ಮಾನಿಸಿದರು. ಹೇಳೋಕೆ ಒಂದು ಸಾಲು. ಮಾಡೋಕೆ ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಎಲ್ಲ ಭಾಷೆಗಳ ಜರ್ನಲ್ಲುಗಳನ್ನೂ ಯಾರಾದರೂ ತಿರುವಿ ನೋಡಬೇಕು.

ನೋಡಿದವರು ಅವರೇ. ಹಗಲೆಲ್ಲ ಕಚೇರಿ ಕೆಲಸ. ಸಂಜೆ ಜರ್ನಲ್ಲಿನ ಹೊರೆ ಮನೆಗೆ ಬರುತ್ತಿತ್ತು. ಪೆನ್ಸಿಲ್ ಹಿಡಿದು ಒಂದೊಂದನ್ನೇ ತಿರುವಿ, ಯಾವ ಲೇಖನ ಸೂಚಿಗೆ ಹೋಗಬೇಕು ಅಂತ ಗುರುತು ಹಾಕುತ್ತಿದ್ದರು. ಮರುದಿನ ಗುಮಾಸ್ತರು ಒಂದೊಂದು ಗುರುತಿಗೆ ಒಂದೊಂದು ಕಾರ್ಡ್ ಬರೆಯುತ್ತಿದ್ದರು. ಕಾರ್ಡುಗಳು ವಿಷಯವಾರು, ಅಕ್ಷರಾನುಕ್ರಮದಲ್ಲಿ ಸೇರಿಕೊಳ್ಳುತ್ತಿದ್ದವು. ಇದು ಒಂದೆರಡು ವರ್ಷದ ಮಾತಲ್ಲ, ದಶಕಗಟ್ಟಲೆ ನಡೆದದ್ದು. ರಾಬರ್ಟ್ ಫ್ಲೆಚರ್ ಎಂಬ ಇನ್ನೊಬ್ಬ ಡಾಕ್ಟರು ಜೊತೆಯಾದರು. ತಾಳ್ಮೆಯಲ್ಲಿ ಅವರೇನೂ ಕಡಿಮೆ ಇರಲಿಲ್ಲ.

1876ರಲ್ಲಿ ಒಂದು ಮಾದರಿ ಸಂಚಿಕೆ ಅಚ್ಚು ಹಾಕಿಸಿ ಹಂಚಿದರು, ಮುಂದುವರಿಸೋಕೆ ಸರ್ಕಾರದ ದುಡ್ಡು ಬೇಕಿತ್ತಲ್ಲ. ಇವತ್ತಿನ ಭಾಷೆಯಲ್ಲಿ ಪ್ರೋಟೋಟೈಪ್ ಡೆಮೊ. 1880ರಲ್ಲಿ ಇಂಡೆಕ್ಸ್ ಕ್ಯಾಟಲಾಗ್‌ನ ಮೊದಲ ಸಂಪುಟ ಬಂತು. 1895ರ ಹೊತ್ತಿಗೆ 16 ಸಂಪುಟಗಳ ಮೊದಲ ಸರಣಿ ಪೂರ್ತಿಯಾಯಿತು. ಅದರಲ್ಲಿ ಒಂದು ತೊಂದರೆಯಿತ್ತು: ಎ ಅಕ್ಷರದ ಸಂಪುಟ ಅಚ್ಚಾದ ಮೇಲೆ ಎ ವಿಷಯದಲ್ಲಿ ಹೊಸದೇನಾದರೂ ಬಂದರೆ ಓದುಗ ವರ್ಷಗಟ್ಟಲೆ ಕಾಯಬೇಕು. ಅದಕ್ಕೆಂದೇ 1879ರಲ್ಲೇ ಬಿಲ್ಲಿಂಗ್ಸ್ ಮತ್ತು ಫ್ಲೆಚರ್ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಿಕ ಶುರು ಮಾಡಿದ್ದರು. ಹೊಸ ವೈದ್ಯಕೀಯ ಲೇಖನಗಳ ವಿಷಯವಾರು ಪಟ್ಟಿ, ತಿಂಗಳು ತಿಂಗಳು. ಲಾಭ ಯಾವತ್ತೂ ಬರಲಿಲ್ಲ. 1899ರಲ್ಲಿ ದುಡ್ಡಿಲ್ಲದೆ ನಿಂತೂ ಹೋಯಿತು. 1903ರಲ್ಲಿ ಕಾರ್ನೆಗಿ ಸಂಸ್ಥೆಯ ಹಣದಿಂದ ಮತ್ತೆ ಎದ್ದಿತು.

ಈಗ ಪಬ್‌ಮೆಡ್‌ನಲ್ಲಿ ಹುಡುಕುವವರು ನಿಂತಿರೋದು ಈ ಕಾರ್ಡುಗಳ ರಾಶಿಯ ಮೇಲೆಯೇ. ಆ ಸೇನಾ ಲೈಬ್ರರಿ 1956ರಲ್ಲಿ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಆಯಿತು. 1960ರಲ್ಲಿ ಅವರು ಮೆಶ್ ಎಂಬ ಶೀರ್ಷಿಕೆಗಳ ಪಟ್ಟಿ ಹೊರತಂದರು. ಕಾಯಿಲೆಗೆ ಎಷ್ಟೇ ಹೆಸರಿರಲಿ, ಲೇಖಕ ಯಾವ ಪದವನ್ನೇ ಬಳಸಲಿ, ಓದಿ ನೋಡಿದವರು ಅದಕ್ಕೆ ಒಂದೇ ಅಧಿಕೃತ ಶೀರ್ಷಿಕೆ ಅಂಟಿಸಬೇಕು ಅನ್ನೋದು ಅದರ ನಿಯಮ. 1964ರಲ್ಲಿ ಇಂಡೆಕ್ಸ್ ಮೆಡಿಕಸ್ ಕಂಪ್ಯೂಟರಿಗೆ ಹೋಯಿತು, 1971ರಲ್ಲಿ ಅದು ದೂರದಿಂದಲೇ ಹುಡುಕಬಹುದಾದ ಮೆಡ್‌ಲೈನ್ ಆಯಿತು, 1997ರಲ್ಲಿ ಪಬ್‌ಮೆಡ್ ಮೂಲಕ ಎಲ್ಲರಿಗೂ ಉಚಿತವಾಯಿತು. ಅದರಲ್ಲೀಗ ಮೂರೂವರೆ ಕೋಟಿಗೂ ಹೆಚ್ಚು ದಾಖಲೆಗಳಿವೆ.

ಅಕ್ಕ ಹುಡುಕಿದ ರೀತಿ ಇಲ್ಲೇ ಹೇಳಿಬಿಡ್ತೀವಿ, ನಮ್ಮ ಐಇಇಇ ಹುಡುಕಾಟಕ್ಕೂ ಬಹಳಷ್ಟು ಇದೇ ಸಾಕು. ಟೈಪ್ ಮಾಡೋ ಮೊದಲು ಅವರು ಕಾಗದದ ಮೇಲೆ ಪ್ರಶ್ನೆಯನ್ನ ತುಂಡು ಮಾಡಿದ್ರು: ಯಾರಿಗೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಏನು ಸುಧಾರಿಸಬೇಕು. ಒಂದೊಂದು ತುಂಡಿನ ಕೆಳಗೂ ಅದರ ಸಮಾನಾರ್ಥಕಗಳನ್ನೆಲ್ಲ ಬರೆದ್ರು. ನಾವು ಫಿಸಿಯೋಥೆರಪಿ ಅಂದ್ರೆ ಅಮೆರಿಕದವರು ಫಿಸಿಕಲ್ ಥೆರಪಿ ಅಂತಾರೆ, ಒಂದನ್ನೇ ಹಾಕಿದ್ರೆ ಇನ್ನೊಂದು ದೇಶದ ಕೆಲಸ ತಪ್ಪಿಹೋಗುವ ಅಪಾಯ ಇದೆ. ಒಂದೇ ಗುಂಪಿನ ಪದಗಳ ನಡುವೆ ಆರ್, ಗುಂಪು ಗುಂಪುಗಳ ನಡುವೆ ಆಂಡ್. ನಮ್ಮ ಲಾಜಿಕ್ ಡಿಸೈನ್ ಲ್ಯಾಬಿನ ಗೇಟುಗಳೇ. ಜೊತೆಗೆ ಮೆಶ್ ಶೀರ್ಷಿಕೆ. ಅದೊಂದನ್ನೇ ನೆಚ್ಚಿಕೊಳ್ಳೋಹಾಗಿಲ್ಲ, ತೀರಾ ಹೊಸ ಪೇಪರುಗಳಿಗೆ ಶೀರ್ಷಿಕೆ ಇನ್ನೂ ಅಂಟಿರೋದಿಲ್ಲ. ಎಲ್ಲ ಗುಂಪನ್ನೂ ಒಟ್ಟಿಗೆ ಹಾಕಿಬಿಟ್ರೆ ಏನೂ ಸಿಗದೇ ಹೋಗಬಹುದು ಅಂತ ಮೊದಲ ಎರಡನ್ನ ಮಾತ್ರ ಹಾಕಿ ನೋಡಿದ್ರು, ಫಲಿತಾಂಶ ತುಂಬಾ ಆಯ್ತು ಅನ್ನಿಸಿದಾಗ ಮೂರನೆಯದನ್ನ ಸೇರಿಸಿದ್ರು. ಕೊನೆಗೆ ಪೂರ್ತಿ ಹುಡುಕಾಟದ ಸಾಲನ್ನ ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಟ್ರು. ಇದನ್ನಂತೂ ನಾವ್ಯಾರೂ ಮಾಡೋದೇ ಇಲ್ಲ.

ಹಾಗಂತ ಸಿಕ್ಕಿದ್ದೆಲ್ಲ ನಂಬೋ ಹಾಗೂ ಇಲ್ಲ. ಬಿಲ್ಲಿಂಗ್ಸರ ಸೂಚಿ ಲೇಖನ ಎಲ್ಲಿದೆ ಅಂತ ತೋರಿಸುತ್ತಿತ್ತು, ಅದು ಒಳ್ಳೆಯದೋ ಜೊಳ್ಳೋ ಅಂತ ಅಲ್ಲ. ರೋಗಿ ಬದುಕಿದರೆ ಸರ್ಜನ್ ಉತ್ಸಾಹದಿಂದ ಲೇಖನ ಬರೆಯುತ್ತಾನೆ, ಸತ್ತರೆ ಬರೆಯುವ ಉತ್ಸಾಹ ಎಲ್ಲಿಂದ ಬರಬೇಕು? ಆ ಕೊರತೆ ತುಂಬೋ ಪ್ರಯತ್ನಗಳು ಬಹಳ ತಡವಾಗಿ ಬಂದವು. ಫಿಸಿಯೋಥೆರಪಿಯವರಿಗಂತೂ ಸಿಡ್ನಿಯ ಫಿಸಿಯೋಥೆರಪಿಸ್ಟರು 1999ರಲ್ಲಿ ಶುರು ಮಾಡಿದ ಪೆಡ್ರೊ ಎಂಬ ಉಚಿತ ಡೇಟಾಬೇಸ್ ಇದೆ. ಅಲ್ಲಿ ಒಂದೊಂದು ಪ್ರಯೋಗಕ್ಕೂ ಅದನ್ನ ಎಷ್ಟು ಕಟ್ಟುನಿಟ್ಟಾಗಿ ನಡೆಸಿದ್ರು ಅಂತ ನೋಡಿ 10ಕ್ಕೆ ಅಂಕ ಕೊಡ್ತಾರೆ. ಅಕ್ಕ ಮೊದಲು ನೋಡಿದ್ದು ಅದನ್ನಂತೆ, ಪಬ್‌ಮೆಡ್ ಆಮೇಲೆ.

ಬಿಲ್ಲಿಂಗ್ಸರ ಬದುಕಿನಲ್ಲಿ ನಮ್ಮ ಬ್ರಾಂಚಿಗೆ ತೀರಾ ಹತ್ತಿರದ ಒಂದು ಪ್ರಸಂಗ ಇದೆ. 1880ರ ಅಮೆರಿಕದ ಜನಗಣತಿಯಲ್ಲಿ ಜನನ ಮರಣಗಳ ಅಂಕಿಅಂಶದ ಉಸ್ತುವಾರಿಯೂ ಅವರದೇ. ಗುಮಾಸ್ತರು ಕೋಟಿಗಟ್ಟಲೆ ಜನರ ವಿವರವನ್ನ ಕೈಯಲ್ಲಿ ಗೆರೆ ಎಳೆದು ಎಣಿಸುತ್ತಿದ್ದರು. ಅದೇ ಕಚೇರಿಯಲ್ಲಿ ಹರ್ಮನ್ ಹಾಲರಿತ್ ಅಂತ ಒಬ್ಬ ಹುಡುಗ. ಕೊಲಂಬಿಯಾದಲ್ಲಿ 1879ರಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದ ಫ್ರೆಷರ್, ಇಪ್ಪತ್ತರ ಆಸುಪಾಸು. ಬಿಲ್ಲಿಂಗ್ಸರ ಮಗಳಿಗೂ ಅವನಿಗೂ ಪರಿಚಯ ಆಯಿತು. ಅವನು ಚಿಕನ್ ಸಲಾಡ್ ತಿನ್ನೋ ಉಮೇದು ನೋಡಿ, ಅಮ್ಮನ ಕೈಯ ಸಲಾಡ್ ರುಚಿ ನೋಡು ಬಾ ಅಂತ ಅವಳು ಮನೆಗೆ ಕರೆದಳಂತೆ. ಮದುವೆಯೇನೂ ಆಗಲಿಲ್ಲ. ಆದರೆ ಆ ಊಟದ ಮೇಜಿನಲ್ಲಿ ಬಿಲ್ಲಿಂಗ್ಸ್ ಮಾತಿನ ನಡುವೆ, ಈ ಎಣಿಕೆಯೆಲ್ಲ ಮಾಡೋಕೆ ಒಂದು ಯಂತ್ರ ಇರಬೇಕಿತ್ತು ಅಂದರು. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಕಾರ್ಡ್, ಕಾರ್ಡಿನ ಅಂಚಿನಲ್ಲಿ ವಿವರಕ್ಕೆ ತಕ್ಕ ಗುರುತು ಅನ್ನೋ ಮಟ್ಟಿಗೆ ಯೋಚನೆಯೂ ಇತ್ತು. ಕಾರ್ಡುಗಳ ನಡುವೆಯೇ ಬದುಕುತ್ತಿದ್ದ ಮನುಷ್ಯನಿಗೆ ಇನ್ನೇನು ಹೊಳೆಯಬೇಕು ಹೇಳಿ.

ಹಾಲರಿತ್‌ಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಸ್ವಲ್ಪ ದಿನ ಬಿಟ್ಟು ಬಂದು, ಇದು ಆಗೋ ಕೆಲಸ, ಪಾಲುದಾರರಾಗಿ ಸೇರಿಕೊಳ್ಳಿ ಅಂತ ಬಿಲ್ಲಿಂಗ್ಸ್‌ರನ್ನ ಕರೆದರು. ಅವರು ಒಲ್ಲೆ ಅಂದರು. ಸಮಸ್ಯೆ ಹೇಗಾದರೂ ಬಗೆಹರಿದರೆ ಸಾಕು, ಅದಕ್ಕಿಂತ ಹೆಚ್ಚಿನ ಆಸಕ್ತಿ ತನಗಿಲ್ಲ ಅನ್ನೋದು ಅವರ ನಿಲುವು. ಹಾಲರಿತ್ ಮೊದಲು ಕಾಗದದ ಪಟ್ಟಿಯಲ್ಲಿ ಪ್ರಯತ್ನಿಸಿ, ಆಮೇಲೆ ಕಾರ್ಡಿಗೆ ಬಂದು, 1889ರಲ್ಲಿ ಪೇಟೆಂಟ್ ಪಡೆದರು. ಬಾಲ್ಟಿಮೋರ್ ನಗರದ ಸಾವಿನ ಲೆಕ್ಕದಲ್ಲಿ ಯಂತ್ರ ಪರೀಕ್ಷೆಯಾಯಿತು, 1890ರ ಜನಗಣತಿ ಪೂರ್ತಿ ಅದರ ಮೇಲೆ ನಡೆಯಿತು. ಅವರು 1896ರಲ್ಲಿ ಕಟ್ಟಿದ ಕಂಪನಿ 1911ರಲ್ಲಿ ಇನ್ನೆರಡು ಮೂರರ ಜೊತೆ ವಿಲೀನವಾಗಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಬಿಲ್ಲಿಂಗ್ಸ್ ಆ ದಿನ ಹೂಂ ಅಂದಿದ್ದರೆ ಅಂತ ನಾವು ಹಾಸ್ಟೆಲಿನಲ್ಲಿ ಒಂದು ಗಂಟೆ ಚರ್ಚೆ ಮಾಡಿದ್ವಿ. ಅರ್ಧ ಜನ ಅವರನ್ನ ಪೆದ್ದ ಅಂದರು. ಈ ಲೇಖನ ಬರೆಯೋರು ಆ ಅರ್ಧಕ್ಕೆ ಸೇರಿದವರಲ್ಲ.

ಸಿವಿಲ್, ಮೆಕ್ಯಾನಿಕಲ್‌ನವರು ಬೇಜಾರು ಮಾಡ್ಕೋಬೇಡಿ, ನಿಮಗೂ ಇದೆ. ಸೇನೆಯ ಬ್ಯಾರಕ್ಕು, ಆಸ್ಪತ್ರೆಗಳ ಸ್ಥಿತಿಯ ಬಗ್ಗೆ ಅವರು 1870ರಲ್ಲಿ ಬರೆದ ವರದಿ ಕಟುವಾಗಿತ್ತು. ಕಟ್ಟಡಗಳ ಗಾಳಿ ಬೆಳಕು, ಬಿಸಿ ಮಾಡುವ ವ್ಯವಸ್ಥೆಯ ಮೇಲೆ ಪುಸ್ತಕವನ್ನೇ ಬರೆದರು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಯೋಜನೆ ಅವರದು, 1889ರಲ್ಲಿ ಅದು ತೆರೆಯಿತು. ಅಲ್ಲಿಗೆ ವಿಲಿಯಂ ಆಸ್ಲರ್ ಎಂಬ ಹೆಸರಾಂತ ವೈದ್ಯರನ್ನ ಕರೆತಂದದ್ದೂ ಅವರೇ. ಆಸ್ಲರರ ಕೋಣೆಗೆ ಹೋಗಿ, ಕೂರದೆಯೇ, ಬರ್ತೀರಾ ಅಂತ ಕೇಳಿ, ಬರ್ತೀನಿ ಅಂದ ಕೂಡಲೇ ಹೊರಟುಬಿಟ್ಟರಂತೆ. ನಮ್ಮ ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಹೀಗಿದ್ದಿದ್ರೆ!

1895ರಲ್ಲಿ ಸೇನೆಯಿಂದ ನಿವೃತ್ತರಾದಾಗ ಅಮೆರಿಕ, ಬ್ರಿಟನ್ನಿನ ವೈದ್ಯರು ಸೇರಿ ಔತಣ ಕೊಟ್ಟು 10,000 ಡಾಲರಿನ ಚೆಕ್ ಕೈಗಿತ್ತರು. ಸುಮ್ಮನೆ ಕೂರೋ ಜಾತಿ ಅಲ್ಲವಲ್ಲ, ಮರುವರ್ಷವೇ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ನಿರ್ದೇಶಕರಾದರು. 42ನೇ ಬೀದಿಯ ದೊಡ್ಡ ಕಟ್ಟಡದ ಮೊದಲ ನಕ್ಷೆಯನ್ನ ತಾವೇ ಪೆನ್ಸಿಲಿನಲ್ಲಿ ಗೀಚಿದರು. ಊರಿನ ಬಡಾವಣೆಗಳಲ್ಲಿ ಶಾಖಾ ಲೈಬ್ರರಿ ಕಟ್ಟೋಕೆ ಕಾರ್ನೆಗಿಯವರಿಂದ 52 ಲಕ್ಷ ಡಾಲರ್ ತಂದರು. ದೊಡ್ಡ ಕಟ್ಟಡ 1911ರ ಮೇ 23ರಂದು ತೆರೆಯಿತು. 1912ರಲ್ಲಿ ಹೆಂಡತಿ ತೀರಿಕೊಂಡರು. 1913ರ ಮಾರ್ಚ್ 11ರಂದು ಬಿಲ್ಲಿಂಗ್ಸ್ ಹೋದರು.

ಅವರು ಶುರು ಮಾಡಿದ ಇಂಡೆಕ್ಸ್ ಮೆಡಿಕಸ್‌ನ ಅಚ್ಚಿನ ಪ್ರತಿ 2004ರವರೆಗೂ ಬರುತ್ತಿತ್ತು. ಮನುಷ್ಯರು ಕೂತು ಒಂದೊಂದು ಲೇಖನಕ್ಕೆ ಶೀರ್ಷಿಕೆ ಅಂಟಿಸುವ ಪದ್ಧತಿ ಅದಕ್ಕಿಂತ ಹೆಚ್ಚು ಕಾಲ ನಡೆಯಿತು. 2022ರಿಂದ ಆ ಕೆಲಸವನ್ನ ಪ್ರೋಗ್ರಾಮ್ ಮಾಡುತ್ತೆ, ಮನುಷ್ಯರು ಅದರಲ್ಲಿ ಒಂದು ಪಾಲನ್ನ ಮಾತ್ರ ತಿದ್ದಿ ನೋಡ್ತಾರೆ. ಹಾಗಾದ್ರೆ ತಪ್ಪು ಬರಲ್ವಾ ಅಂತ ಅಕ್ಕನ್ನ ಕೇಳಿದ್ವಿ. ಬರಬಹುದು, ಅದಕ್ಕೇ ಶೀರ್ಷಿಕೆಯ ಜೊತೆ ಮೂರೂ ಹೆಸರನ್ನ ಕೈಯಾರೆ ಟೈಪ್ ಮಾಡ್ತೀನಿ ಅಂದ್ರು.

ಅಮ್ಮ ಈಗ ಜಡೆ ತಾವೇ ಹಾಕ್ಕೊಳ್ತಾರಂತೆ. ಮೇಲಿನ ಶೆಲ್ಫಿನ ಡಬ್ಬ ಮಾತ್ರ ಇನ್ನೂ ನಮ್ಮ ಗೆಳೆಯನೇ ಇಳಿಸಿಕೊಡಬೇಕು.